ಭಂಗಿಯ ಗಿಡವೂ ರಾಜ್ಯಗಳ ಅಧಿಕಾರವೂ: ಬೀದರ ಸೀಮೆಯ ನಿದರ್ಶನ

೧. ಪ್ರಸ್ತಾವ

ಗಾಂಜಾವನ್ನು ನಿಷೇಧಿಸುವ ಅಥವಾ ಬಿಡುವ ಅಧಿಕಾರವು ಯಾರಿಗೆ ಸೇರಿದುದೆಂಬ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಅನೇಕ ದೇಶಗಳಲ್ಲಿ ಚರ್ಚೆಗೆ ಬಂದಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಾಜ್ಯಗಳು ಒಂದರ ಹಿಂದೊಂದಾಗಿ ಈ ಗಿಡಕ್ಕೆ ಬಿಡುಗಡೆಯನ್ನು ಕೊಟ್ಟಿರುವುದನ್ನು ಕಂಡು, ಕರ್ನಾಟಕವೂ ಮನಸ್ಸು ಮಾಡಿದರೆ ಹಾಗೆಯೇ ನಡೆಯಬಹುದೆಂದು ಕೆಲವರು ಹೇಳುವರು. ಈ ವಿಷಯದಲ್ಲಿ ರಾಜ್ಯಕ್ಕೆ ಎಳ್ಳಷ್ಟೂ ಸ್ವಾತಂತ್ರ್ಯವಿಲ್ಲ, ಎಲ್ಲವೂ ಕೇಂದ್ರದ ಕೈಯಲ್ಲಿರುವುದೆಂದು ಮತ್ತೆ ಕೆಲವರು ಹೇಳುವರು. ಶಾಸನಗಳ ವಾಕ್ಯಗಳನ್ನೇ ಎದುರಿಗಿಟ್ಟುಕೊಂಡು ನೋಡಿದರೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ. ರಾಜ್ಯಕ್ಕೆ ಸ್ವಲ್ಪ ಅಧಿಕಾರವುಂಟು. ಅದು ಗಿಡದ ಯಾವ ಭಾಗಕ್ಕೆ ಯಾವ ಹೆಸರು ಎಂಬುದನ್ನು ಅವಲಂಬಿಸಿಕೊಂಡಿದೆ. ಆದುದರಿಂದ ಈ ಚರ್ಚೆಯು ನ್ಯಾಯವಾದಿಗಳಿಗೆ ಎಷ್ಟು ಸಂಬಂಧಿಸಿದುದೋ ಶಬ್ದಾರ್ಥವನ್ನು ವಿಚಾರಿಸುವವರಿಗೂ ಅಷ್ಟೇ ಸಂಬಂಧಿಸಿದುದು.

ಈ ವಿಚಾರಕ್ಕೆ ಬೀದರ ಸೀಮೆಗಿಂತ ಒಳ್ಳೆಯ ನಿದರ್ಶನವು ದೊರೆಯುವುದು ಕಷ್ಟ. ಬೀದರದಿಂದ ಔರಾದಕ್ಕೆ ಹೋಗುವ ದಾರಿಯಲ್ಲಿರುವ ಜನವಾಡ, ಅದರಾಚೆಯ ಔರಾದ, ಪಡುವಣ ಭಾಲ್ಕಿ, ಇವು ಒಂದು ಶತಮಾನದೊಳಗೆ ನಿಜಾಮರ ಶಾಸನ, ಭಾರತ ಸಂವಿಧಾನ, ಭಾಷಾವಾರು ರಾಜ್ಯರಚನೆ, ಅಂತರರಾಷ್ಟ್ರೀಯ ಒಪ್ಪಂದ ಎಂಬ ನಾಲ್ಕು ಕಟ್ಟಳೆಗಳನ್ನು ಕಂಡ ನೆಲ. ಹೊಲವು ಅಲ್ಲಿಯೇ ಇದೆ, ಗಿಡವೂ ಅದೇ. ಅದರ ಮೇಲಣ ಅಧಿಕಾರವು ಮಾತ್ರ ಕೈಯಿಂದ ಕೈಗೆ ಬದಲಾಯಿಸಿತು.

೨. ಗಿಡ ಮತ್ತು ಹೆಸರುಗಳು

ಲಿನೇಯಸನು ೧೭೫೩ರಲ್ಲಿ ಕ್ಯಾನಬಿಸ್ ಸಟೈವ ಎಂದು ಹೆಸರಿಟ್ಟ ಗಿಡವೇ ಕನ್ನಡದ ಭಂಗಿಗಿಡ. ಭಾರತದಿಂದ ದೊರೆತ ಮಾದರಿಗಳಿಗೆ ಲಾಮಾರ್ಕನು ೧೭೮೫ರಲ್ಲಿ ಕ್ಯಾನಬಿಸ್ ಇಂಡಿಕ ಎಂಬ ಬೇರೆ ಹೆಸರನ್ನು ಕೊಟ್ಟನು. ಇದರಲ್ಲಿ ಗಂಡು ಗಿಡವೂ ಹೆಣ್ಣು ಗಿಡವೂ ಸಾಮಾನ್ಯವಾಗಿ ಬೇರೆ ಬೇರೆಯಾಗಿರುವುವು. ಹೆಣ್ಣು ಗಿಡದ ಹೂಗೊಂಚಲಿನ ಮೇಲಿರುವ ಸಣ್ಣ ಗ್ರಂಥಿಗಳಲ್ಲಿ ಅಂಟು ಒಸರುವುದು. ಅಮಲಿನ ಸಾರವೆಲ್ಲವೂ ಮುಖ್ಯವಾಗಿ ಆ ಅಂಟಿನಲ್ಲಿದೆ. ಆ ಸಾರವಾದ ಟೆಟ್ರಾಹೈಡ್ರೊಕ್ಯಾನಬಿನಾಲನ್ನು ಗಾವೋನಿ ಮತ್ತು ಮೆಶೂಲಮ್ ಎಂಬ ವಿಜ್ಞಾನಿಗಳು ೧೯೬೪ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಎಲೆಯಲ್ಲಿ ಆ ಸಾರವು ಕಡಿಮೆ, ನಾರಿನಲ್ಲಿಯೂ ಬೀಜದಲ್ಲಿಯೂ ಇಲ್ಲವೆನ್ನುವಷ್ಟು ಅಲ್ಪ.

ಈ ಭೇದವನ್ನು ರಸಾಯನಶಾಸ್ತ್ರವು ಕಂಡುಹಿಡಿಯುವುದಕ್ಕೆ ಬಹು ಮೊದಲೇ ದೇಶದ ಭಾಷೆಗಳು ಹೆಸರುಗಳಲ್ಲಿ ಹಿಡಿದಿಟ್ಟಿದ್ದುವು. ಎಲೆಯು ಭಂಗಿ ಅಥವಾ ಭಂಗ್. ಹೆಣ್ಣು ಗಿಡದ ಹೂವಿನ ತೆನೆಯು ಗಾಂಜಾ. ಉಜ್ಜಿ ತೆಗೆದ ಅಂಟು ಚರಸ್. ಮೊದಲನೆಯದನ್ನು ಅರೆದು ಕುಡಿಯುವರು, ಎರಡನೆಯದನ್ನು ಚಿಲುಮೆಯಲ್ಲಿಟ್ಟು ಸೇದುವರು, ಮೂರನೆಯದು ಹೆಚ್ಚಾಗಿ ಹಿಮಾಲಯದ ಕಡೆಯ ಸರಕು. ಭಂಗವೆಂಬ ಸಸ್ಯದ ಹೆಸರು ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮ, ದರ್ಭೆ, ಯವಗಳ ಸಂಗಡ ಬರುವುದು. ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಬೆಳೆಯ ಹೆಸರಿನಿಂದ ಹೊಲದ ಹೆಸರನ್ನು ಸಾಧಿಸುವಾಗ ಎಳ್ಳು, ಉದ್ದು, ಅಗಸೆಗಳ ಜತೆಗೆ ಭಂಗಾ ಎಂಬುದನ್ನೂ ಎಣಿಸಿರುವನು. ಅಂದ ಮೇಲೆ ಅದು ಆ ಕಾಲದಲ್ಲಿ ಹೊಲದಲ್ಲಿ ಬಿತ್ತಿ ಬೆಳೆಯುವ ಸಾಮಾನ್ಯವಾದ ಪೈರುಗಳಲ್ಲಿ ಒಂದಾಗಿದ್ದಿತೆಂದು ತಿಳಿಯಬಹುದು.

ಇಲ್ಲಿ ಮತ್ತೊಂದು ಗೊಂದಲವನ್ನು ಬಿಡಿಸುವುದು ಅವಶ್ಯಕ. ಇಂಗ್ಲಿಷಿನಲ್ಲಿ ‘ಹೆಂಪ್’ ಎಂಬ ಒಂದೇ ಮಾತು ಮೂರು ಗಿಡಗಳಿಗೆ ಸಲ್ಲುತ್ತದೆ. ಬೀದರ, ಕಲಬುರಗಿಯ ಕಡೆ ನಾರಿಗಾಗಿ ಬೆಳೆಯುವ ಪುಂಡಿಯನ್ನು ‘ಡೆಕ್ಕನ್ ಹೆಂಪ್’ ಎಂದು ಕರೆದಿದ್ದಾರೆ. ಅದರ ಎಲೆಯು ಭಂಗಿಯ ಎಲೆಯನ್ನು ಹೋಲುವುದರಿಂದ ಸಸ್ಯಶಾಸ್ತ್ರದಲ್ಲಿ ಹೈಬಿಸ್ಕಸ್ ಕ್ಯಾನಬಿನಸ್ ಎಂಬ ಹೆಸರು ಬಂದಿತು. ಹಗ್ಗಕ್ಕೂ ಹಸುರುಗೊಬ್ಬರಕ್ಕೂ ಬೆಳೆಯುವ ಸಣಬು ‘ಸನ್ ಹೆಂಪ್’ ಎನ್ನಿಸಿಕೊಂಡಿತು. ಭಂಗಿಯು ‘ಇಂಡಿಯನ್ ಹೆಂಪ್’ ಆಯಿತು. ಈ ಮೂರಕ್ಕೂ ಪರಸ್ಪರ ಸಸ್ಯಸಂಬಂಧವೇ ಇಲ್ಲ. ಪುಂಡಿ, ಸಣಬು, ಭಂಗಿ ಎಂದು ಕನ್ನಡವು ಬೇರೆ ಬೇರೆಯಾಗಿ ಇಟ್ಟುಕೊಂಡಿರುವ ಹೆಸರುಗಳನ್ನು ಬಿಟ್ಟು, ಇಂಗ್ಲಿಷಿನ ಒಂದು ಮಾತಿನಿಂದ ಕಾನೂನಿನ ಭಾಷಾಂತರವನ್ನು ಮಾಡಹೊರಟರೆ, ನಿರಪರಾಧಿಯಾದ ಬೆಳೆಗೂ ಅಪರಾಧದ ಬೆಳೆಗೂ ಭೇದವು ಅಳಿಸಿಹೋಗುವ ಅಪಾಯವುಂಟು.

೩. ಅಧಿಕಾರದ ಪೂರ್ವಚರಿತ್ರೆ

ಬ್ರಿಟಿಷ್ ಆಳ್ವಿಕೆಯಲ್ಲಿ ಗಾಂಜಾದ ವಿಷಯವು ಆಬಕಾರಿಯ ವಿಷಯವಾಗಿದ್ದಿತು. ಎಂದರೆ ಸುಂಕ, ಗುತ್ತಿಗೆ, ಪರವಾನಗಿಗಳಿಗೆ ಸೇರಿದುದು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೆದ್ದ ಮೇಲೆ ೧೮೯೩ರಲ್ಲಿ ಇಂಡಿಯಾ ಸರಕಾರವು ಏಳು ಮಂದಿಯ ಒಂದು ಆಯೋಗವನ್ನು ನೇಮಿಸಿತು. ಮ್ಯಾಕ್‌ವರ್ತ್ ಯಂಗ್ ಎಂಬವನು ಅದರ ಅಧ್ಯಕ್ಷ. ಸದಸ್ಯರಲ್ಲಿ ಮೂವರು ಭಾರತೀಯರು. ೧,೧೯೩ ಸಾಕ್ಷಿಗಳನ್ನು ವಿಚಾರಿಸಿ ಆಯೋಗವು ೧೮೯೪ರಲ್ಲಿ ವರದಿಯನ್ನು ಒಪ್ಪಿಸಿತು. ಮಿತವಾದ ಬಳಕೆಯಿಂದ ಸಾಮಾನ್ಯವಾಗಿ ಹೇಳಿಕೊಳ್ಳುವಂಥ ಕೇಡು ಕಾಣುವುದಿಲ್ಲ, ಅತಿಯಾದ ಬಳಕೆಯು ಹಾನಿಕರ, ಪೂರ್ಣ ನಿಷೇಧವು ಅವಶ್ಯಕವೂ ಅಲ್ಲ ಯುಕ್ತವೂ ಅಲ್ಲ, ಸುಂಕದಿಂದಲೂ ಪರವಾನಗಿಯಿಂದಲೂ ಹತೋಟಿಯಲ್ಲಿಡುವುದೇ ಮಾರ್ಗ ಎಂಬುದು ಅದರ ಸಾರ. ಭಂಗಿಗೂ ಗಾಂಜಾಕ್ಕೂ ಚರಸ್ಸಿಗೂ ಇರುವ ಭೇದವನ್ನು ಆಯೋಗವು ಎಚ್ಚರದಿಂದ ಕಾಪಾಡಿತು. ಎಲೆಯನ್ನು ಹೂವಿನಷ್ಟು ಕಠಿಣವಾಗಿ ಕಾಣಲಿಲ್ಲ.

ಬೀದರವು ಆಗ ಬ್ರಿಟಿಷ್ ಸೀಮೆಯಲ್ಲಿರಲಿಲ್ಲ. ಅದು ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಅಲ್ಲಿ ೧೩೧೬ ಫಸಲಿಯ ಆಬಕಾರಿ ಶಾಸನವೂ ತರುವಾಯ ೧೩೩೩ ಫಸಲಿಯ ಮಾದಕದ್ರವ್ಯಗಳ ಶಾಸನವೂ ನಡೆಯುತ್ತಿದ್ದುವು. ಇವು ಕ್ರಿಸ್ತಶಕದ ಲೆಕ್ಕದಲ್ಲಿ ಸುಮಾರು ೧೯೦೬-೦೭ ಮತ್ತು ೧೯೨೩-೨೪. ಹಳೆಯ ಮೈಸೂರಿನಲ್ಲಿ ೧೯೦೧ರ ಆಬಕಾರಿ ಶಾಸನವಿದ್ದಿತು. ಹೀಗೆ ಒಂದೇ ಕನ್ನಡ ನುಡಿಯಾಡುವ ಜನರು ಒಂದೇ ಗಿಡದ ವಿಷಯದಲ್ಲಿ ಬೇರೆ ಬೇರೆ ದೊರೆತನಗಳ ಬೇರೆ ಬೇರೆ ಕಟ್ಟಳೆಗಳಿಗೆ ಒಳಪಟ್ಟಿದ್ದರು. ರಾಜ್ಯಗಳ ಹಕ್ಕು ಎಂದು ಇಂದು ಹೇಳುವುದು ಆಗ ವಾದವಾಗಿರಲಿಲ್ಲ. ಇದ್ದ ಸ್ಥಿತಿಯೇ ಅದು.

ಕೇಂದ್ರದ ಕೈಯು ಮೊದಲು ಚಾಚಿದುದು ಹೊರದೇಶದ ಒಪ್ಪಂದದ ಮೂಲಕ. ೧೯೨೫ರ ಜಿನೀವಾ ಒಪ್ಪಂದದಲ್ಲಿ ಅಫೀಮಿನೊಂದಿಗೆ ಭಂಗಿಯ ಗಿಡವೂ ಸೇರಿತು. ಅದನ್ನು ನಡೆಸಿಕೊಡಲು ೧೯೩೦ರಲ್ಲಿ ಅಪಾಯಕಾರಿ ಮದ್ದುಗಳ ಶಾಸನವು ಹುಟ್ಟಿತು. ಅದರ ವ್ಯಾಖ್ಯೆಯಲ್ಲಿ ಎಲೆ, ಸಣ್ಣ ಕಡ್ಡಿ, ಹೂವಿನ ತುದಿ ಎಲ್ಲವೂ ಭಂಗಿ, ಗಾಂಜಾ ಎಂಬ ಹೆಸರುಗಳೊಡನೆ ಒಟ್ಟಿಗೆ ಸೇರಿದ್ದುವು. ಆದರೂ ಒಳನಾಡಿನ ಬೆಳೆ, ಮಾರಾಟ, ಸುಂಕಗಳ ಆಡಳಿತವು ಪ್ರಾಂತಗಳ ಆಬಕಾರಿ ಶಾಸನಗಳಲ್ಲಿಯೇ ಉಳಿಯಿತು. ೧೯೩೫ರ ಇಂಡಿಯಾ ಸರಕಾರದ ಶಾಸನವು ಮದ್ಯ, ಅಫೀಮು ಮತ್ತು ಇತರ ಮಾದಕದ್ರವ್ಯಗಳ ಉತ್ಪತ್ತಿ, ಸಾಗಣೆ, ಮಾರಾಟಗಳನ್ನು, ಕೆಲವು ಮಿತಿಗಳೊಡನೆ, ಪ್ರಾಂತಗಳ ಪಟ್ಟಿಯಲ್ಲಿಯೇ ಇಟ್ಟಿತು.

೪. ಸಂವಿಧಾನದಲ್ಲಿ ಬಿಟ್ಟುಹೋದ ಮಾತುಗಳು

೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವನ್ನು ೧೯೩೫ರ ಶಾಸನದ ಪಕ್ಕದಲ್ಲಿಟ್ಟು ಓದಿದವರಿಗೆ ಒಂದು ವ್ಯತ್ಯಾಸವು ಗೋಚರವಾಗುವುದು. ರಾಜ್ಯಪಟ್ಟಿಯ ಎಂಟನೆಯ ನಮೂದಿನಲ್ಲಿ ಅಮಲಿನ ಪಾನೀಯಗಳ ಉತ್ಪತ್ತಿ, ತಯಾರಿಕೆ, ಸ್ವಾಧೀನ, ಸಾಗಣೆ, ಕ್ರಯವಿಕ್ರಯಗಳು ಇವೆ. ಅಫೀಮು ಮತ್ತು ಇತರ ಮಾದಕದ್ರವ್ಯಗಳೆಂಬ ಹಿಂದಿನ ಮಾತುಗಳು ಅಲ್ಲಿಲ್ಲ. ಅವುಗಳಿಗೆ ಆಶ್ರಯವು ದೊರೆತುದು ಸಮವರ್ತಿ ಪಟ್ಟಿಯ ಹತ್ತೊಂಬತ್ತನೆಯ ನಮೂದಿನಲ್ಲಿ, ಮದ್ದುಗಳು ಮತ್ತು ವಿಷಗಳು ಎಂಬ ಶಬ್ದಗಳ ಕೆಳಗೆ. ಅಲ್ಲಿ ಕೇಂದ್ರವೂ ರಾಜ್ಯವೂ ಶಾಸನ ಮಾಡಬಹುದು. ಎರಡಕ್ಕೂ ವಿರೋಧ ಬಂದರೆ ೨೫೪ನೆಯ ಅನುಚ್ಛೇದದಂತೆ ಕೇಂದ್ರದ ಮಾತೇ ಮೇಲು, ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ರಾಜ್ಯಶಾಸನಕ್ಕೆ ಮಾತ್ರ ವಿನಾಯಿತಿ.

ಆದರೆ ಸುಂಕದ ಅಧಿಕಾರವು ಹಳೆಯ ಸ್ಥಳದಲ್ಲಿಯೇ ಉಳಿಯಿತು. ರಾಜ್ಯಪಟ್ಟಿಯ ೫೧ನೆಯ ನಮೂದಿನಂತೆ ಮದ್ಯದೊಂದಿಗೆ ಅಫೀಮು, ಭಂಗಿ ಮೊದಲಾದ ಮಾದಕದ್ರವ್ಯಗಳ ಮೇಲೆ ಆಬಕಾರಿ ಸುಂಕವನ್ನು ವಿಧಿಸುವ ಹಕ್ಕು ರಾಜ್ಯಗಳದೇ. ಹೀಗೆ ಸುಂಕವನ್ನೆತ್ತುವ ಕೈ ರಾಜ್ಯದ್ದು, ನಿಷೇಧಿಸುವ ಬಾಯಿ ಇಬ್ಬರದ್ದು ಎಂಬ ವಿಚಿತ್ರ ವ್ಯವಸ್ಥೆಯಾಯಿತು. ಇದರ ಜತೆಗೆ ೪೭ನೆಯ ಅನುಚ್ಛೇದವು, ಔಷಧಕ್ಕಾಗಿ ಬಿಟ್ಟು ಮಿಕ್ಕಂತೆ ಮದ್ಯವನ್ನೂ ಆರೋಗ್ಯಕ್ಕೆ ಕೆಡುಕಾದ ದ್ರವ್ಯಗಳನ್ನೂ ನಿಷೇಧಿಸಲು ರಾಜ್ಯವು ಯತ್ನಿಸತಕ್ಕುದೆಂದು ನಿರ್ದೇಶಿಸಿತು. ೨೫೩ನೆಯ ಅನುಚ್ಛೇದವು ಹೊರದೇಶಗಳೊಡನೆ ಮಾಡಿಕೊಂಡ ಒಪ್ಪಂದಗಳನ್ನು ನಡೆಸಲು ಯಾವ ವಿಷಯದಲ್ಲಿಯಾದರೂ ಇಡೀ ದೇಶಕ್ಕೆ ಶಾಸನ ಮಾಡುವ ಶಕ್ತಿಯನ್ನು ಪಾರ್ಲಿಮೆಂಟಿಗೆ ಕೊಟ್ಟಿತು. ಮುಂದೆ ನಿರ್ಣಾಯಕವಾದುದು ಈ ಕಡೆಯ ಮಾತೇ.

೫. ಒಂದು ಜಿಲ್ಲೆ, ಮೂರು ರಾಜ್ಯ

೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯವು ಒಡೆಯಿತು. ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರು ರಾಜ್ಯಕ್ಕೆ ಬಂದುವು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋಗಿ ಇಂದು ಮಹಾರಾಷ್ಟ್ರದ ಲಾತೂರಿನ ಕಡೆ ಇವೆ. ಜಹೀರಾಬಾದಿನ ಬಹುಭಾಗವೂ ನಾರಾಯಣಖೇಡವೂ ಬೀದರ ತಾಲ್ಲೂಕಿನ ನ್ಯಾಲಕಲ್ ಭಾಗವೂ ಆಂಧ್ರಕ್ಕೆ ಸೇರಿ ಇಂದು ತೆಲಂಗಾಣದಲ್ಲಿವೆ. ನಿನ್ನೆಯ ತನಕ ಒಂದೇ ಕಚೇರಿಗೆ ಕಂದಾಯ ಕಟ್ಟುತ್ತಿದ್ದ ಹಳ್ಳಿಗಳು ಮರುದಿನ ಮೂರು ಆಬಕಾರಿ ಇಲಾಖೆಗಳಿಗೆ ಒಳಪಟ್ಟುವು.

ಹೊಸ ಮೈಸೂರು ರಾಜ್ಯದಲ್ಲಿಯೂ ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಭಾಗಗಳ ಕಟ್ಟಳೆಗಳು ಬೇರೆ ಬೇರೆಯಾಗಿದ್ದುವು. ೧೯೬೫ರ ಆಬಕಾರಿ ಶಾಸನವು ಇವನ್ನೆಲ್ಲ ಒಂದುಗೂಡಿಸಿತು; ಇಂದಿನ ಕರ್ನಾಟಕ ಆಬಕಾರಿ ಶಾಸನವು ಅದೇ. ಅದು ಮದ್ಯವನ್ನು ಮಾತ್ರವಲ್ಲದೆ ಮಾದಕದ್ರವ್ಯಗಳನ್ನೂ ಒಳಗೊಂಡಿದೆ. ಭಂಗಿಗಿಡದ ಎಲೆಯೂ ಅದರ ವ್ಯಾಖ್ಯೆಯಲ್ಲಿ ಸೇರಿದೆ.

ಗಡಿಯ ಈ ಸ್ಥಿತಿಯು ರಾಜ್ಯಾಧಿಕಾರದ ವಾದಕ್ಕೆ ಎರಡು ಕಡೆಯಿಂದಲೂ ಸಾಕ್ಷಿಯಾಗಿದೆ. ಜನವಾಡದಿಂದ ಹೊರಟವನು ಒಂದು ಹಗಲಿನ ಪಯಣದೊಳಗೆ ಜಹೀರಾಬಾದಿಗೂ ಉದಗೀರಕ್ಕೂ ಹೋಗಿಬರಬಲ್ಲನು. ಒಂದು ರಾಜ್ಯವು ಬಾಗಿಲು ತೆರೆದರೆ ನೆರೆಯ ಎರಡು ರಾಜ್ಯಗಳೂ ಅದರ ಫಲವನ್ನು ಅನುಭವಿಸಬೇಕಾಗುವುದು. ಪೂರ್ವದ ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಿಂದ ಮಹಾರಾಷ್ಟ್ರದ ಪೇಟೆಗಳ ಕಡೆಗೆ ಹೋಗುವ ಸರಕು ಈ ಗಡಿಯ ದಾರಿಗಳಲ್ಲಿ ಹಿಡಿಯಲ್ಪಟ್ಟುದೂ ಉಂಟು. ಇದರಿಂದ ಏಕರೂಪದ ಶಾಸನವೇ ಬೇಕೆಂದು ಒಬ್ಬರು ವಾದಿಸಿದರೆ, ನಾಡಿನ ಆಚಾರವೂ ಬೇಸಾಯವೂ ಊರಿಂದೂರಿಗೆ ಬೇರೆಯಾದುದರಿಂದ ದೆಹಲಿಯ ಒಂದೇ ಅಳತೆಗೋಲು ಎಲ್ಲಕ್ಕೂ ಸರಿಹೋಗದೆಂದು ಇನ್ನೊಬ್ಬರು ವಾದಿಸುವರು. ಉತ್ತರ ಹಿಂದೂಸ್ಥಾನದ ಕೆಲವೆಡೆ ಭಂಗಿಯ ಪಾನವು ಶಿವರಾತ್ರಿ, ಹೋಳಿಗಳ ಆಚಾರ. ಬೀದರದ ದಕ್ಷಿಣಕ್ಕಿರುವ ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರ ಕ್ಷೇತ್ರದ ಜಾತ್ರೆಯಲ್ಲಿಯೂ, ಶರಣ, ಆರೂಢ, ಅವಧೂತ ಪರಂಪರೆಯ ಕೆಲವರಲ್ಲಿಯೂ ಗಾಂಜಾವನ್ನು ಪವಿತ್ರವೆಂದು ಭಾವಿಸುವ ರೂಢಿಯಿದೆಯೆಂದು ೨೦೨೦ರಲ್ಲಿ ಪತ್ರಿಕೆಗಳು ವರದಿಮಾಡಿದುವು. ಆಚಾರವಿದ್ದ ಮಾತ್ರಕ್ಕೆ ಶಾಸನದಿಂದ ವಿನಾಯಿತಿ ಸಿಕ್ಕಿದಂತಾಗುವುದಿಲ್ಲ. ಆದರೆ ಆಚಾರವು ಸ್ಥಳೀಯವೆಂಬುದನ್ನು ಇದು ತೋರಿಸುತ್ತದೆ.

೬. ೧೯೬೧ರ ಒಪ್ಪಂದವೂ ೧೯೮೫ರ ಶಾಸನವೂ

೧೯೬೧ರಲ್ಲಿ ನ್ಯೂಯಾರ್ಕಿನಲ್ಲಿ ಮಾದಕದ್ರವ್ಯಗಳ ಏಕೀಕೃತ ಒಪ್ಪಂದವಾಯಿತು. ಅಮಲಿಗಾಗಿ ಗಾಂಜಾದ ಬಳಕೆಯನ್ನು ನಿಲ್ಲಿಸಲು ರೂಢಿಯುಳ್ಳ ದೇಶಗಳಿಗೆ ಇಪ್ಪತ್ತೈದು ವರ್ಷಗಳ ಅವಧಿಯನ್ನು ಅದು ಕೊಟ್ಟಿತು. ಒಪ್ಪಂದವು ೧೯೬೪ರ ಡಿಸೆಂಬರಿನಲ್ಲಿ ಜಾರಿಗೆ ಬಂದುದರಿಂದ ಆ ಅವಧಿಯು ೧೯೮೯ಕ್ಕೆ ತೀರುತ್ತಿದ್ದಿತು. ಗಾಂಜಾ ಎಂದರೆ ಹೂವಿನ ಅಥವಾ ಕಾಯಿಯ ತುದಿಗಳು ಮಾತ್ರ; ತುದಿಗಳ ಜತೆಯಲ್ಲಿಲ್ಲದ ಎಲೆಯೂ ಬೀಜವೂ ಅದರಲ್ಲಿ ಸೇರವು ಎಂದು ಒಪ್ಪಂದವು ವ್ಯಾಖ್ಯೆಯನ್ನು ಮಾಡಿತು. ನಾರಿಗೂ ಬೀಜಕ್ಕೂ ಬೆಳೆಯುವ ಬೆಳೆಯನ್ನು ತನ್ನ ಹೊರಗಿಟ್ಟಿತು. ಎಲೆಯ ದುರುಪಯೋಗವನ್ನು ತಡೆಯುವ ಕ್ರಮವನ್ನು ಮಾತ್ರ ಆಯಾ ದೇಶಕ್ಕೆ ಒಪ್ಪಿಸಿತು.

ಈ ವಾಕ್ಯವೇ ಬಹುಮಟ್ಟಿಗೆ ೧೯೮೫ರ ಮಾದಕದ್ರವ್ಯ ಮತ್ತು ಮನಃಪ್ರಭಾವಿ ಪದಾರ್ಥಗಳ ಶಾಸನದಲ್ಲಿ ಇಳಿದುಬಂದಿತು. ಅದು ೧೯೮೫ರ ನವೆಂಬರ್ ೧೪ರಂದು ಜಾರಿಗೆ ಬಂದು ೧೯೩೦ರ ಶಾಸನವನ್ನು ತೆಗೆದುಹಾಕಿತು. ೧೯೩೦ರಲ್ಲಿ ಎಲೆಯೂ ಹೂವೂ ಒಂದೇ ಗಂಟಿನಲ್ಲಿದ್ದುವು. ೧೯೮೫ರಲ್ಲಿ ಎಲೆಯು ಗಂಟಿನಿಂದ ಹೊರಬಿದ್ದಿತು. ಹಳ್ಳಿಯವರು ಭಂಗಿ, ಗಾಂಜಾ ಎಂದು ಮಾಡುತ್ತಿದ್ದ ಭೇದವೇ ಪರದೇಶದ ಒಪ್ಪಂದವನ್ನು ಸುತ್ತಿಕೊಂಡು ಮರಳಿ ದೇಶದ ಶಾಸನಕ್ಕೆ ಬಂದಿತೆಂದು ಹೇಳಬಹುದು.

ಹಾಗಾದರೆ ರಾಜ್ಯಗಳಿಗೆ ಉಳಿದುದೇನು? ಶಾಸನವನ್ನು ಕ್ರಮವಾಗಿ ಓದಿದರೆ ನಾಲ್ಕು ಸಂಗತಿಗಳು ಸ್ಪಷ್ಟವಾಗುವುವು. ಮೊದಲನೆಯದಾಗಿ, ಎಂಟನೆಯ ಕಲಮು ಔಷಧ ಮತ್ತು ವಿಜ್ಞಾನದ ಉದ್ದೇಶಗಳ ಹೊರತು ಯಾವ ಭಂಗಿಗಿಡವನ್ನೂ ಬೆಳೆಯಕೂಡದೆಂದು ವಿಧಿಸುತ್ತದೆ. ಹತ್ತನೆಯ ಕಲಮು ಬೆಳೆ, ಸಾಗಣೆ, ಮಾರಾಟ, ಬಳಕೆಗಳಿಗೆ ಅನುಮತಿ ಕೊಟ್ಟು ನಿಯಮ ಮಾಡುವ ಅಧಿಕಾರವನ್ನು ರಾಜ್ಯಸರಕಾರಕ್ಕೆ ಕೊಟ್ಟಿದ್ದರೂ ಅದು ಎಂಟನೆಯ ಕಲಮಿಗೆ ಅಧೀನ. ಚರಸ್ಸು ಅದರಿಂದಲೂ ಹೊರಗೆ. ಆದುದರಿಂದ ಹೂವನ್ನು ಅಮಲಿಗಾಗಿ ಬಿಡುವ ಶಕ್ತಿಯು ರಾಜ್ಯಕ್ಕಿಲ್ಲ.

ಎರಡನೆಯದಾಗಿ, ನಾರು, ಬೀಜಗಳಿಗಾಗಿ ಕೈಗಾರಿಕೆಯ ಉದ್ದೇಶದಿಂದಲೂ, ತೋಟಗಾರಿಕೆಗಾಗಿಯೂ ಗಿಡವನ್ನು ಬೆಳೆಯಲು ಹದಿನಾಲ್ಕನೆಯ ಕಲಮಿನಂತೆ ಸರಕಾರವು ಅನುಮತಿ ಕೊಡಬಹುದು. ಉತ್ತರಾಖಂಡವು ಅಮಲಿನ ಸಾರವು ನೂರಕ್ಕೆ ೦.೩ರೊಳಗಿರುವ ತಳಿಗಳಿಗೆ ಈ ದಾರಿಯನ್ನು ತೆರೆದು ೨೦೧೮ರಲ್ಲಿ ಪರವಾನಗಿ ಕೊಟ್ಟಿತು; ಹಿಮಾಚಲ ಪ್ರದೇಶದ ವಿಧಾನಸಭೆಯು ೨೦೨೪ರಲ್ಲಿ ಹತೋಟಿಯ ಬೇಸಾಯದ ಪರವಾಗಿ ನಿರ್ಣಯವನ್ನು ಅಂಗೀಕರಿಸಿತು.

ಮೂರನೆಯದಾಗಿ, ತುದಿಯಿಂದ ಬೇರೆಯಾದ ಎಲೆಯು ಗಾಂಜಾ ಅಲ್ಲವಾದುದರಿಂದ ಅದನ್ನು ನಿಯಮಿಸುವ ಕೆಲಸವು ರಾಜ್ಯಗಳ ಆಬಕಾರಿ ಶಾಸನಗಳಿಗೆ ಉಳಿದಿದೆ. ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಭಂಗಿಯ ಅಂಗಡಿಗಳು ನಡೆಯುವುದು ಈ ಕಾರಣದಿಂದ.

ನಾಲ್ಕನೆಯದು ೮೧ನೆಯ ಕಲಮು. ಕೇಂದ್ರಶಾಸನದಲ್ಲಿಲ್ಲದ ನಿರ್ಬಂಧವನ್ನೋ, ಅದಕ್ಕಿಂತ ಹೆಚ್ಚಿನ ಶಿಕ್ಷೆಯನ್ನೋ ವಿಧಿಸುವ ರಾಜ್ಯಶಾಸನಗಳಿಗೆ ಇದರಿಂದ ಬಾಧೆಯಿಲ್ಲವೆಂದು ಅದು ಹೇಳುವುದು. ರಾಜ್ಯವು ಕೇಂದ್ರಕ್ಕಿಂತ ಬಿಗಿಯಾಗಬಹುದು, ಸಡಿಲವಾಗಲಾರದು ಎಂಬುದು ಇದರ ತಾತ್ಪರ್ಯ. ಹೀಗೆ ರಾಜ್ಯದ ಸ್ವಾತಂತ್ರ್ಯವು ಒಂದೇ ಕಡೆಗೆ ತಿರುಗುವ ಬಾಗಿಲಿನಂತಿದೆ.

೭. ಅಮೆರಿಕದ ಹೋಲಿಕೆ ಎಷ್ಟು ಸಲ್ಲುವುದು

ಅಮೆರಿಕದಲ್ಲಿ ೧೯೭೦ರ ಕೇಂದ್ರಶಾಸನವು ಗಾಂಜಾವನ್ನು ನಿಷೇಧಿಸಿತು. ಆದರೂ ಕ್ಯಾಲಿಫೋರ್ನಿಯವು ೧೯೯೬ರಲ್ಲಿ ಔಷಧಕ್ಕಾಗಿಯೂ, ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ೨೦೧೨ರಲ್ಲಿ ಸಾಮಾನ್ಯ ಬಳಕೆಗಾಗಿಯೂ ಮತದಾನದಿಂದ ಬಿಡುಗಡೆ ಕೊಟ್ಟುವು. ೨೦೨೩ರ ಕೊನೆಗೆ ಅಂಥ ರಾಜ್ಯಗಳು ೨೪ ಆದುವು. ೨೦೦೫ರಲ್ಲಿ ಗೊಂಜಾಲೆಸ್-ರೇಚ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆರು ಮಂದಿಯ ಬಹುಮತದಿಂದ, ಮನೆಯಂಗಳದಲ್ಲಿ ಔಷಧಕ್ಕೆಂದು ಬೆಳೆದ ಗಿಡದ ಮೇಲೆಯೂ ಅಂತರರಾಜ್ಯ ವ್ಯಾಪಾರದ ಅಧಿಕಾರದಿಂದ ಕೇಂದ್ರಶಾಸನವು ನಡೆಯುವುದೆಂದು ತೀರ್ಮಾನಿಸಿತು. ಅಂದರೆ ಶಾಸನದ ದೃಷ್ಟಿಯಿಂದ ಕೇಂದ್ರವೇ ಗೆದ್ದಿತು. ಹಾಗಿದ್ದರೂ ರಾಜ್ಯಗಳ ಅಂಗಡಿಗಳು ಮುಚ್ಚಲಿಲ್ಲ.

ಇದಕ್ಕೆ ಕಾರಣವು ಆ ದೇಶದ ರಚನೆಯಲ್ಲಿದೆ. ಅಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಬೇರೆ ಬೇರೆ ದಂಡಶಾಸನ, ಬೇರೆ ಬೇರೆ ಪೊಲೀಸು, ಬೇರೆ ಬೇರೆ ನ್ಯಾಯಾಲಯಗಳಿವೆ. ಕೇಂದ್ರದ ಶಾಸನವನ್ನು ನಡೆಸೆಂದು ರಾಜ್ಯದ ಅಧಿಕಾರಿಗೆ ಆಜ್ಞೆಮಾಡಲು ಕೇಂದ್ರಕ್ಕೆ ಅಧಿಕಾರವಿಲ್ಲವೆಂದು ಅಲ್ಲಿನ ನ್ಯಾಯಾಲಯವೇ ೧೯೯೭ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಹೇಳಿದೆ. ರಾಜ್ಯವು ತನ್ನ ಶಾಸನವನ್ನು ಹಿಂತೆಗೆದುಕೊಂಡರೆ ಊರಿನ ಪೊಲೀಸಿನವನು ಸುಮ್ಮನಾಗುವನು. ಭಾರತದಲ್ಲಿ ಹಾಗಿಲ್ಲ. ಕೇಂದ್ರದ ಶಾಸನವನ್ನು ನಡೆಸುವವರು ಹೆಚ್ಚಾಗಿ ರಾಜ್ಯದ ಪೊಲೀಸರು, ಆಬಕಾರಿಯವರು, ಕಂದಾಯದವರು. ವಿಚಾರಿಸುವುದು ಅದೇ ನ್ಯಾಯಾಲಯಗಳು. ಕರ್ನಾಟಕವು ನಾಳೆ ತನ್ನ ಆಬಕಾರಿ ಶಾಸನದಿಂದ ಗಾಂಜಾದ ಹೆಸರನ್ನು ಅಳಿಸಿದರೂ ೧೯೮೫ರ ಶಾಸನವನ್ನು ಜಾರಿಗೊಳಿಸುವ ಹೊಣೆಯು ಜನವಾಡದ ಪೊಲೀಸ್ ಠಾಣೆಯ ಮೇಲೆಯೇ ಇರುವುದು. ಆದುದರಿಂದ ಅಮೆರಿಕದ ನಿದರ್ಶನವನ್ನು ಹಿಡಿದು ಇಲ್ಲಿನ ರಾಜ್ಯಗಳ ಹಕ್ಕನ್ನು ಅಳೆಯುವುದು ಯುಕ್ತವಾಗದು.

೮. ವ್ಯಾಖ್ಯೆಯೂ ಬಿಡುಗಡೆಯೂ

ವ್ಯಾಖ್ಯೆಯ ಒಂದು ಪದದಿಂದ ಮನುಷ್ಯನ ಪಾಡು ಎಷ್ಟು ಬದಲಾಗುವುದೆಂಬುದನ್ನು ನ್ಯಾಯಾಲಯದ ತೀರ್ಮಾನಗಳಲ್ಲಿ ನೋಡಬಹುದು. ೨೦೨೨ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬೆಂಗಳೂರಿನ ಒಂದು ಮೊಕದ್ದಮೆ ಬಂದಿತು. ಆರೋಪಿಯಿಂದ ಹಿಡಿದ ಸರಕಿನಲ್ಲಿ ಹೆಚ್ಚಿನ ಪಾಲು ಭಂಗಿ, ಸ್ವಲ್ಪ ಗಾಂಜಾ. ಭಂಗಿ ಎಂಬುದು ೧೯೮೫ರ ಶಾಸನದ ವ್ಯಾಖ್ಯೆಯಲ್ಲಿ ಎಲ್ಲಿಯೂ ಬರುವುದಿಲ್ಲ, ಎಲೆಯು ಗಾಂಜಾದ ವ್ಯಾಖ್ಯೆಯಿಂದ ಹೊರಗಿದೆ, ಹಿಡಿದ ಭಂಗಿಯು ಗಾಂಜಾದಿಂದಲೋ ಚರಸ್ಸಿನಿಂದಲೋ ಆದುದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿ ನ್ಯಾಯಾಲಯವು ಜಾಮೀನನ್ನು ಕೊಟ್ಟಿತು. ಇದು ಜಾಮೀನಿನ ಆದೇಶವೇ ಹೊರತು ಭಂಗಿಯ ಮಾರಾಟಕ್ಕೆ ಕೊಟ್ಟ ಪರವಾನಗಿಯಲ್ಲ. ಎಲೆಯು ಕೇಂದ್ರಶಾಸನದಿಂದ ಹೊರಬಂದರೂ ರಾಜ್ಯದ ಆಬಕಾರಿ ಶಾಸನದೊಳಗೆ ಇದ್ದೇ ಇದೆ.

ಶಿಕ್ಷೆಯ ಲೆಕ್ಕವು ತೂಕದ ಮೇಲೆ ನಿಂತಿದೆ. ಗಾಂಜಾದಲ್ಲಿ ೧ ಕಿಲೋಗ್ರಾಮಿನವರೆಗೆ ಅಲ್ಪ ಪ್ರಮಾಣ. ಅದಕ್ಕೆ ಒಂದು ವರ್ಷದವರೆಗಿನ ಸೆರೆ. ೨೦ ಕಿಲೋಗ್ರಾಮನ್ನು ಮೀರಿದರೆ ವ್ಯಾಪಾರದ ಪ್ರಮಾಣ. ಆಗ ಹತ್ತರಿಂದ ಇಪ್ಪತ್ತು ವರ್ಷಗಳವರೆಗೆ ಶಿಕ್ಷೆ, ಅದರೊಡನೆ ೩೭ನೆಯ ಕಲಮಿನಂತೆ ಜಾಮೀನೂ ಬಹು ದುರ್ಲಭ. ಹೊಲದಿಂದ ಕಿತ್ತ ಹಸಿ ಗಿಡವನ್ನು ಬೇರು, ಕಾಂಡ, ಎಲೆಗಳೊಡನೆ ತಕ್ಕಡಿಗೆ ಹಾಕಿದರೆ ಒಂದು ತೂಕ. ತುದಿಗಳನ್ನು ಮಾತ್ರ ಬಿಡಿಸಿ ತೂಗಿದರೆ ಬೇರೆ ತೂಕ. ಎಲೆ, ಕಡ್ಡಿಗಳನ್ನು ಸೇರಿಸಿ ತೂಗಿರುವರೆಂಬ ವಾದವು ಹೈಕೋರ್ಟುಗಳ ಜಾಮೀನಿನ ಅರ್ಜಿಗಳಲ್ಲಿ ಮೇಲಿಂದ ಮೇಲೆ ಬರುವುದು ಈ ಕಾರಣದಿಂದಲೇ.

ಬೆಳೆದವನ ಸ್ಥಿತಿಯು ಇನ್ನೂ ಕಠಿಣವಾದುದು. ೨೦ನೆಯ ಕಲಮಿನಲ್ಲಿ ಬೆಳೆಯುವ ಅಪರಾಧಕ್ಕೆ ಪ್ರಮಾಣದ ಮೆಟ್ಟಿಲುಗಳಿಲ್ಲ. ತೊಗರಿಯ ಸಾಲಿನ ನಡುವೆ ನಾಲ್ಕು ಗಿಡ ನಿಂತಿದ್ದರೂ ಎಕರೆಗಟ್ಟಲೆ ಬೆಳೆದಿದ್ದರೂ ಶಿಕ್ಷೆಯ ಮೇರೆಯು ಒಂದೇ, ಹತ್ತು ವರ್ಷಗಳವರೆಗಿನ ಕಠಿಣ ಸೆರೆ ಮತ್ತು ಒಂದು ಲಕ್ಷ ರೂಪಾಯಿಯವರೆಗಿನ ದಂಡ. ಒಂದು ಕಿಲೋಗ್ರಾಮಿನೊಳಗಣ ಗಾಂಜಾವನ್ನು ಪೇಟೆಯಲ್ಲಿ ಮಾರುವವನು ಒಂದು ವರ್ಷದ ಭಯದಲ್ಲಿರುವಾಗ, ಹೊಲದ ಮೂಲೆಯಲ್ಲಿ ಕೆಲವು ಗಿಡಗಳನ್ನು ಬೆಳೆದವನು ಹತ್ತು ವರ್ಷದ ಭಯದಲ್ಲಿರುವನು. ರಾಜ್ಯಗಳ ಹಕ್ಕಿನ ಚರ್ಚೆಯು ರಾಜಧಾನಿಯ ಸಭೆಗಳಲ್ಲಿ ನಡೆಯುವುದು. ಅದರ ಭಾರವು ಬೀಳುವುದು ಔರಾದ, ಭಾಲ್ಕಿಗಳಂಥ ಒಣಬೇಸಾಯದ ಸೀಮೆಯ ಸಣ್ಣ ಹಿಡುವಳಿದಾರನ ಮೇಲೆ.

೯. ಉಪಸಂಹಾರ

ಪೂರ್ಣ ಬಿಡುಗಡೆಯನ್ನು ಬೇಡುವವರು ೧೮೯೪ರ ವರದಿಯನ್ನೂ ದೇಶದ ಆಚಾರವನ್ನೂ ಮುಂದಿಡುವರು. ವಿರೋಧಿಸುವವರು, ಎಳೆಯ ವಯಸ್ಸಿನಲ್ಲಿ ಬಲವಾದ ಗಾಂಜಾವನ್ನು ಮೇಲಿಂದ ಮೇಲೆ ಸೇವಿಸುವವರಲ್ಲಿ ಬುದ್ಧಿವಿಕಾರದ ಸಂಭವವು ಹೆಚ್ಚೆಂದೂ, ಚಟವು ಅಂಟುವುದುಂಟೆಂದೂ ವೈದ್ಯಶಾಸ್ತ್ರವು ಕಂಡುಕೊಂಡುದನ್ನು ಮುಂದಿಡುವರು. ಎರಡು ಪಕ್ಷದಲ್ಲಿಯೂ ತಥ್ಯವುಂಟು. ೨೦೨೦ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವು ೨೭ಕ್ಕೆ ೨೫ ಮತಗಳಿಂದ ಗಾಂಜಾವನ್ನು ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತವು ಪರವಾಗಿ ಮತ ಕೊಟ್ಟಿತು. ಆದರೂ ದೇಶದ ಶಾಸನವು ಬದಲಾಗಲಿಲ್ಲ. ಹೂವಿನ ಪ್ರಶ್ನೆಯು ಪಾರ್ಲಿಮೆಂಟಿನಲ್ಲಿಯೇ ತೀರಬೇಕಾದುದು.

ಆದರೆ ಎಲೆ, ನಾರು, ಬೀಜಗಳ ವಿಷಯದಲ್ಲಿ ರಾಜ್ಯವು ದೆಹಲಿಯ ಕಡೆ ನೋಡಿಕೊಂಡು ಕುಳಿತಿರಬೇಕಾದ ಕಾರಣವಿಲ್ಲ. ಅಲ್ಲಿ ಬಿಡುವುದೂ ಬಿಗಿಮಾಡುವುದೂ ರಾಜ್ಯದ ವಿವೇಕಕ್ಕೆ ಸೇರಿದುದು, ಹಾಗೆಯೇ ಅದರ ಹೊಣೆಯೂ ರಾಜ್ಯದ್ದೇ. ಒಂದು ಕಾಲದಲ್ಲಿ ಒಂದೇ ಜಿಲ್ಲೆಯಾಗಿದ್ದು ಈಗ ಮೂರು ರಾಜ್ಯಗಳಲ್ಲಿ ಹಂಚಿಹೋಗಿರುವ ಬೀದರ ಸೀಮೆಯಲ್ಲಿ ಅಂಥ ನಿರ್ಧಾರವನ್ನು ನೆರೆಯವರೊಡನೆ ವಿಚಾರಮಾಡಿ ಕೈಕೊಂಡರೆ ಮಾತ್ರ ಅದು ನಿಲ್ಲುವುದು. ಅದಕ್ಕೆ ಮೊದಲು ಆಗಬೇಕಾದ ಕೆಲಸವೊಂದುಂಟು. ಠಾಣೆಯ ಪಂಚನಾಮೆಯಲ್ಲಿಯೂ ಶಾಸನದ ಕನ್ನಡ ಭಾಷಾಂತರದಲ್ಲಿಯೂ ಭಂಗಿಯನ್ನು ಭಂಗಿಯೆಂದೂ ಗಾಂಜಾವನ್ನು ಗಾಂಜಾ ಎಂದೂ ಬರೆಯುವ ಶಿಸ್ತು ಬರಬೇಕು. ಬರೆದ ಹೆಸರಿನ ಮೇಲೆಯೇ ತೂಕವೂ, ತೂಕದ ಮೇಲೆಯೇ ಸೆರೆಯ ವರ್ಷಗಳೂ ನಿರ್ಧಾರವಾಗುವುದರಿಂದ, ಇದು ಕೇವಲ ಭಾಷಾಶುದ್ಧಿಯ ಮಾತಲ್ಲ.